ಜಾಹೀರಾತಿನಲ್ಲಿ ಅಂಗವಿಕಲ ಕ್ರೀಡಾಪಟು: ಆ 1.74 ಮೀಟರ್ ಎಲ್ಲಿ ಹೋಯಿತು?

(ತುಮಕೂರಿನಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸ)

ಅಧ್ಯಕ್ಷರೆ, ಸಹೋದ್ಯೋಗಿಗಳೆ, ತುಮಕೂರಿನ ಕ್ರೀಡಾಭಿಮಾನಿಗಳೆ,

2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ನೆರೆಯ ಹಾಸನ ಜಿಲ್ಲೆಯ ಗಿರೀಶ ಹೊಸನಗರ ನಾಗರಾಜೇಗೌಡ ಅವರು ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದದ್ದು ನಿಮಗೆ ನೆನಪಿದೆ. ಆ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಫಿಜಿಯ ಇಲಿಯೇಸಾ ದೆಲಾನಾ, ನಮ್ಮ ಗಿರೀಶ, ಕಂಚು ಗೆದ್ದ ಪೋಲೆಂಡಿನ ಸ್ಪರ್ಧಿ, ಈ ಮೂವರೂ ದಾಟಿದ ಎತ್ತರ ಒಂದೇ ಆಗಿತ್ತು: 1.74 ಮೀಟರ್. ಯಾರು ಎಷ್ಟು ಸಲ ವಿಫಲರಾದರು ಎಂದು ಲೆಕ್ಕ ಹಾಕಿ ಪದಕಗಳನ್ನು ಹಂಚಬೇಕಾಯಿತು. ಇಷ್ಟು ಬಿಗಿಯಾದ ಪೈಪೋಟಿ ಕ್ರಿಕೆಟ್‌ನಲ್ಲಿ ನಡೆದಿದ್ದರೆ ಬಿ.ಎಚ್. ರಸ್ತೆಯ ಟೀ ಅಂಗಡಿಗಳಲ್ಲಿ ಇಂದಿಗೂ ಅದರ ಚರ್ಚೆ ನಿಲ್ಲುತ್ತಿರಲಿಲ್ಲ. ಆದರೆ ಆಗ ನನ್ನ ಕಣ್ಣಿಗೆ ಬಿದ್ದ ಅಭಿನಂದನೆಯ ಜಾಹೀರಾತುಗಳಲ್ಲಿ 1.74 ಇರಲಿಲ್ಲ, ಅವರ ಊನವಾದ ಕಾಲು ಮಾತ್ರ ಇತ್ತು.

ನನ್ನ ತಕರಾರು ಇಷ್ಟೇ. ಅಂಗವಿಕಲ ಕ್ರೀಡಾಪಟುವನ್ನು ಜಾಹೀರಾತು ತೆರೆಗೆ ತರುವಾಗ ಮೊದಲು ಕೈಬಿಡುವುದು ಕ್ರೀಡೆಯನ್ನು. ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1950ರ ದಶಕದಲ್ಲಿ ವಾರಪತ್ರಿಕೆಯೊಂದರ ಮುಖಪುಟವನ್ನು ಬಿಡಿಸಿ ನೋಡಿದ್ದು ಇಲ್ಲಿರುವ ವಿದ್ಯಾರ್ಥಿಗಳಿಗೆ ಪಾಠವಾಗಿದೆ. ಫ್ರೆಂಚ್ ಸಮವಸ್ತ್ರ ತೊಟ್ಟು ಸೆಲ್ಯೂಟ್ ಹೊಡೆಯುತ್ತಿರುವ ಕಪ್ಪು ವರ್ಣದ ಯುವಕನ ಚಿತ್ರ ಅದು. ಆ ಹುಡುಗನ ಸ್ವಂತ ಬದುಕನ್ನೆಲ್ಲ ಬರಿದು ಮಾಡಿ, ಆ ಜಾಗಕ್ಕೆ ಸಾಮ್ರಾಜ್ಯದ ಹಿರಿಮೆಯನ್ನು ತುಂಬಲಾಗಿದೆ ಎಂದು ಅವರು ತೋರಿಸಿದರು. ನಮ್ಮ ಕ್ರೀಡಾಪಟುವಿಗೂ ಆಗುವುದು ಅದೇ. ಅವನ ತರಬೇತಿ, ತಂತ್ರ, ಸೋತ ಸುತ್ತುಗಳು ಎಲ್ಲವೂ ಸೋರಿಹೋಗಿ, 'ಮನಸ್ಸಿದ್ದರೆ ಮಾರ್ಗ' ಎಂಬ ಗಾದೆಯೊಂದು ಉಳಿಯುತ್ತದೆ. ಆ ಗಾದೆಯಿಂದ ಸಿಮೆಂಟನ್ನೂ ಮಾರಬಹುದು, ಸಿಇಟಿ ಕೋಚಿಂಗನ್ನೂ ಮಾರಬಹುದು.

ಬೆಂಗಳೂರಿನ ಜಾಹೀರಾತು ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಗೃಹಸಾಲದ ಜಾಹೀರಾತಿಗಾಗಿ ಗಾಲಿಕುರ್ಚಿ ಓಟಗಾರರೊಬ್ಬರನ್ನು ಕರೆಸಿದ್ದರಂತೆ. ಅವರು ತಮ್ಮ ರೇಸಿಂಗ್ ಕುರ್ಚಿಯನ್ನೇ ತಂದಿದ್ದರು: ಮೂರು ಗಾಲಿ, ಮುಂದಕ್ಕೆ ಉದ್ದನೆ ಚಾಚಿದ ಮೂತಿ, ಮೇಲ್ತುದಿಯಲ್ಲಿ ಒಳಕ್ಕೆ ವಾಲಿದ ಹಿಂದಿನ ಚಕ್ರಗಳು. ಓಟಗಾರ ಅದರಲ್ಲಿ ಮುಂದಕ್ಕೆ ಬಾಗಿ ಕುಳಿತು, ಗಟ್ಟಿ ಕೈಗವಸು ತೊಟ್ಟು, ಚಕ್ರದ ಪಕ್ಕದ ಬಳೆಯನ್ನು ಹಿಡಿಯದೆ ಗುದ್ದಿ ಗುದ್ದಿ ವೇಗ ಪಡೆಯುತ್ತಾನೆ. ನಿರ್ದೇಶಕರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಚೆನ್ನಾಗಿದೆ ಸರ್, ಆದರೆ ಇದು ವೀಲ್‌ಚೇರ್ ಥರ ಕಾಣುವುದಿಲ್ಲವಲ್ಲ" ಎಂದರಂತೆ. ಆಸ್ಪತ್ರೆಯ ಕುರ್ಚಿಯೊಂದು ಬಾಡಿಗೆಗೆ ಬಂತು. ಅದೋ, ತಳ್ಳಿದಷ್ಟೂ ಎಡಕ್ಕೇ ಎಳೆಯುವಂಥದ್ದು. "ಇದರಲ್ಲಿ ನಾನು ಗೆಲ್ಲುವುದಿರಲಿ, ಗೇಟು ದಾಟುವುದೂ ಕಷ್ಟ" ಎಂದು ಓಟಗಾರರು ಹೇಳಿದರೂ ಕೇಳುವವರಿರಲಿಲ್ಲ. ಕೊನೆಗೆ ಸೂರ್ಯಾಸ್ತದ ಬೆಳಕಿನಲ್ಲಿ ಅವರನ್ನು ಕೂರಿಸಿ, "ನಗಬೇಡಿ ಸರ್, ಸುಮ್ಮನೆ ದೂರ ನೋಡುತ್ತಿರಿ" ಎಂದರಂತೆ. ದೂರದಲ್ಲಿ ಏನಿತ್ತಪ್ಪಾ ಎಂದು ನನ್ನ ವಿದ್ಯಾರ್ಥಿಯನ್ನು ಕೇಳಿದೆ. ಜನರೇಟರ್ ವ್ಯಾನ್ ಇತ್ತಂತೆ.

ನಿರ್ದೇಶಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಜಾಹೀರಾತು ಬದುಕನ್ನು ತೋರಿಸುವುದಿಲ್ಲ, ಬದುಕಿನಲ್ಲಿ ಈಗಾಗಲೇ ರೂಢಿಯಾದ ಭಂಗಿಗಳನ್ನೇ ಮತ್ತಷ್ಟು ಹಿಂಡಿ ತೋರಿಸುತ್ತದೆ ಎಂಬರ್ಥದ ಮಾತನ್ನು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1970ರ ದಶಕದಲ್ಲೇ ಆಡಿದ್ದರು. ಮೂವತ್ತು ಸೆಕೆಂಡಿನಲ್ಲಿ ಕರುಣೆ ಉಕ್ಕಿಸಬೇಕಾದವರಿಗೆ ರೇಸಿಂಗ್ ಕುರ್ಚಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅದನ್ನು ಕಂಡವರು ವೇಗದ ಬಗ್ಗೆ ಕೇಳುತ್ತಾರೆ.

ಕರುಣೆ ಬೇಡವೆಂದು ಇನ್ನೊಂದು ತುದಿಗೆ ಹೋದವರೂ ಇದ್ದಾರೆ. ಬ್ರಿಟನ್ನಿನ ಚಾನೆಲ್ 4 ವಾಹಿನಿ 2012ರಲ್ಲಿ ಈ ಕ್ರೀಡಾಪಟುಗಳನ್ನು 'ಸೂಪರ್‌ಹ್ಯೂಮನ್ಸ್' ಎಂದು ಕರೆದು ಪ್ರಚಾರ ಮಾಡಿತು. ಬಾಂಬ್ ಸ್ಫೋಟ, ಕಾರು ಅಪಘಾತದ ದೃಶ್ಯಗಳ ನಡುವೆ ಬೆವರು ಸುರಿಸುವ ದೇಹಗಳು. ಅದ್ಭುತವಾಗಿಯೇ ಇತ್ತು, ನಾನೂ ಮತ್ತೆ ಮತ್ತೆ ನೋಡಿದ್ದೇನೆ. ಆದರೆ ಅಂಗವೈಕಲ್ಯವುಳ್ಳ ಅನೇಕರು ಅದನ್ನು ಒಪ್ಪಲಿಲ್ಲ. ಅತಿಮಾನವರೇ ಮಾದರಿಯಾದರೆ ತಾಲ್ಲೂಕು ಕಚೇರಿಯ ಮುಂದೆ ಮಾಸಾಶನಕ್ಕೆ ಕಾಯುವವರಿಗೆ ಜಗತ್ತು ಏನು ಹೇಳುತ್ತದೆ? 'ಅವನನ್ನು ನೋಡಿ ಕಲಿ' ಎನ್ನುತ್ತದೆ. ರ‍್ಯಾಂಪ್ ಕಟ್ಟಬೇಕಾದವರು ಪಾರಾಗುತ್ತಾರೆ. 2021ರಲ್ಲಿ ಅದೇ ವಾಹಿನಿ ವರಸೆ ಬದಲಿಸಿ, ಮೆಟ್ಟಿಲಿರುವ ಕೆಫೆಯ ಮುಂದೆ ಗಾಲಿಕುರ್ಚಿ ನಿಂತುಬಿಡುವುದನ್ನೂ ತನ್ನ ಜಾಹೀರಾತಿಗೆ ತಂದಿತು.

2016ರಲ್ಲಿ ಬ್ರೆಜಿಲ್‌ನಲ್ಲಿ ನಡೆದದ್ದಂತೂ ನಂಬಲು ಕಷ್ಟ. ರಿಯೋ ಪ್ಯಾರಾಲಿಂಪಿಕ್ಸ್‌ನ ಪ್ರಚಾರಕ್ಕಾಗಿ, ಕೈಕಾಲು ನೆಟ್ಟಗಿರುವ ಇಬ್ಬರು ನಟರ ಚಿತ್ರ ತೆಗೆದು, ಒಬ್ಬರ ತೋಳನ್ನೂ ಇನ್ನೊಬ್ಬರ ಕಾಲನ್ನೂ ಕಂಪ್ಯೂಟರ್‌ನಲ್ಲಿ ಅಳಿಸಿ ವೋಗ್ ಪತ್ರಿಕೆಯ ಮೂಲಕ ಹೊರತಂದರು. ನಿಜವಾದ ಆಟಗಾರರು ಇರಲಿಲ್ಲವೇ? ಇದ್ದರು, ಅಳಿಸಲಾದ ಅಂಗಗಳು ಅವರ ದೇಹವನ್ನು ನೋಡಿಯೇ ಆರಿಸಿದಂಥವು. ಅಲ್ಲಿ ಕ್ರೀಡೆಯ ಜೊತೆ ಕ್ರೀಡಾಪಟುವೇ ಮಾಯವಾದರು.

ಅಧ್ಯಕ್ಷರಿಂದ ಚೀಟಿ ಬಂದಿದೆ. ಮಾಧ್ಯಮ ಚಿಂತಕ ಸ್ಟುವರ್ಟ್ ಹಾಲ್ ಅವರ ಎನ್‌ಕೋಡಿಂಗ್-ಡಿಕೋಡಿಂಗ್ ಸಿದ್ಧಾಂತದ ಬಗ್ಗೆ ನಾಲ್ಕು ಪುಟ ಬರೆದುಕೊಂಡಿದ್ದೆ. ಕಳಿಸಿದ ಅರ್ಥವೇ ತಲುಪಬೇಕೆಂದಿಲ್ಲ, ನೋಡುಗ ಒಪ್ಪಬಹುದು, ಚೌಕಾಸಿ ಮಾಡಬಹುದು, ತಿರುಗಿಬೀಳಬಹುದು ಎಂಬಷ್ಟನ್ನೇ ಹೇಳಿ ಬಿಡುತ್ತೇನೆ. ಗಾಲಿಕುರ್ಚಿ ಬಳಸುತ್ತಿದ್ದ ಆಸ್ಟ್ರೇಲಿಯಾದ ಪತ್ರಕರ್ತೆ ಸ್ಟೆಲ್ಲಾ ಯಂಗ್ 2014ರಲ್ಲಿ ತಿರುಗಿಬಿದ್ದದ್ದು ಹಾಗೆಯೇ. 'ಸದ್ಯ, ನನ್ನ ಸ್ಥಿತಿ ಇವರಷ್ಟು ಕೆಟ್ಟದ್ದಲ್ಲ' ಎಂದು ಇತರರು ನೆಮ್ಮದಿಪಡುವುದಕ್ಕೆ ನಾವು ಸಾಮಗ್ರಿಯಾಗಿದ್ದೇವೆ ಎಂಬುದು ಅವರ ಆಕ್ಷೇಪವಾಗಿತ್ತು.

ಇನ್ನು ಕಾನೂನು. 2024ರ ಜುಲೈ 8ರಂದು, ಸಿನಿಮಾವೊಂದರಲ್ಲಿ ಅಂಗವಿಕಲರನ್ನು ಚಿತ್ರಿಸಿದ ಬಗೆಯನ್ನು ಪ್ರಶ್ನಿಸಿದ್ದ ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೃಶ್ಯಮಾಧ್ಯಮಗಳು ಅಂಗವಿಕಲರನ್ನು ಲೇವಡಿಯೂ ಮಾಡಬಾರದು, ಇನ್ನೊಂದು ತುದಿಗೆ ಹೋಗಿ ಅಸಾಮಾನ್ಯರನ್ನಾಗಿಯೂ ಚಿತ್ರಿಸಬಾರದು ಎಂದು ಹೇಳಿದೆ. ಅದೇ ವರ್ಷ ಪ್ಯಾರಿಸ್‌ನಿಂದ ನಮ್ಮವರು 29 ಪದಕ ತಂದರು, ಟೋಕಿಯೋದಲ್ಲಿ ಗೆದ್ದದ್ದಕ್ಕಿಂತ ಹತ್ತು ಹೆಚ್ಚು. ಪದಕ ಹೆಚ್ಚಿದಂತೆ ಜಾಹೀರಾತಿನವರೂ ಬಾಗಿಲು ತಟ್ಟುತ್ತಾರೆ. ಆ ಹಣವನ್ನು ಕ್ರೀಡಾಪಟುಗಳು ತೆಗೆದುಕೊಳ್ಳಲೇಬೇಕು. ಕೃತಕ ಕಾಲಿನ ಬೆಲೆ ಗೊತ್ತಿದ್ದವರು ಅವರನ್ನು ದೂರುವುದಿಲ್ಲ. ಆದರೆ ನಾಳೆ ಜಾಹೀರಾತಿನ ಸಾಲು ಬರೆಯಲಿರುವ ವಿದ್ಯಾರ್ಥಿಗಳು ಇಲ್ಲಿದ್ದೀರಿ. ಎಷ್ಟು ಮೀಟರ್, ಎಷ್ಟು ಸೆಕೆಂಡ್, ಎದುರಾಳಿ ಯಾರು ಎಂದು ಆ ಸಾಲಿನಲ್ಲಿ ಬರೆಯಿರಿ.

ಇಂದು ಸನ್ಮಾನ ಪಡೆದ ಓಟಗಾರ್ತಿ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ಜಾಹೀರಾತೊಂದರಲ್ಲಿ ನಟಿಸಿಯೂ ಇದ್ದಾರೆ. ಮೊದಲ ಪ್ರಶ್ನೆ ಅವರದಾಗಲಿ. ಮೈಕ್ ಅಲ್ಲಿಗೆ ಕೊಡಿ.