ಹಂದಿಗೆ ಬಿಪಿ ಪಟ್ಟಿ ಎಲ್ಲಿಗೆ ಕಟ್ತಾರೆ?

(ದೃಶ್ಯ: ಮೂಡಿಗೆರೆ ಹತ್ತಿರದ ಕಾಫಿ ತೋಟ. ನಿರೂಪಕ ಸಿಲ್ವರ್ ಓಕ್ ಮರದ ಪಕ್ಕ.)

ನಮಸ್ಕಾರ. ಕಿಡ್ನಿಯ ನರ ಸುಟ್ಟು ಬಿಪಿ ಇಳಿಸುವ ಚಿಕಿತ್ಸೆಯನ್ನು ಮೊದಲು ಹಂದಿಗಳ ಮೇಲೆ ಪರೀಕ್ಷಿಸಿದರು ಅಂತ ಹೋದ ಸಲ ಹೇಳಿದ್ದೆ. ಸಕಲೇಶಪುರದಿಂದ ಒಬ್ಬರು ಕೇಳಿದ್ದಾರೆ: "ಹಂದಿಗೆ ಬಿಪಿ ಇರುತ್ತಾ? ಪಟ್ಟಿ ಎಲ್ಲಿಗೆ ಕಟ್ತಾರೆ?" ಮೊದಲು ನಕ್ಕೆ. ಓದಿ ನೋಡಿದರೆ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿದೆ.

ಗೊತ್ತಿಲ್ಲದವರಿಗೆ ಚುಟುಕಾಗಿ: ಕಿಡ್ನಿಗೆ ಹೋಗುವ ಸಿಂಪಥೆಟಿಕ್ ನರಗಳು (ದೇಹವನ್ನು ತುರ್ತಿಗೆ ಸಜ್ಜು ಮಾಡುವ ನರಗಳು) ಜಾಸ್ತಿ ಚುರುಕಾದರೆ ದೇಹದಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಬಿಪಿ ಏರುತ್ತದೆ. ತೊಡೆಸಂದಿಯಿಂದ ಕ್ಯಾಥೆಟರ್ ಅನ್ನೋ ಸಣ್ಣ ನಳಿಕೆ ತೂರಿಸಿ, ಕಿಡ್ನಿಯ ರಕ್ತನಾಳದ ಒಳಗಿಂದಲೇ ಆ ನರಗಳನ್ನು ಕಾಯಿಸಿ ಸಾಯಿಸುತ್ತಾರೆ. ಹೊಟ್ಟೆ ಕೊಯ್ಯುವ ಮಾತಿಲ್ಲ.

ಈಗ ಈ ಮರ ನೋಡಿ. ಮೈತುಂಬ ಮೆಣಸಿನ ಬಳ್ಳಿ. ಮರವೇ ರಕ್ತನಾಳ, ಬಳ್ಳಿಯೇ ನರ ಅಂದುಕೊಳ್ಳಿ. ಕಾಂಡ ಟೊಳ್ಳು, ನೀವು ಅದರೊಳಗೆ ಕೂತಿದ್ದೀರಿ. ಅಲ್ಲಿಂದಲೇ ಹೊರಗಿನ ಬಳ್ಳಿ ಸುಡಬೇಕು, ಮರಕ್ಕೆ ಏನೂ ಆಗಬಾರದು! ಬುಡದಲ್ಲಿ ಬಳ್ಳಿ ದಟ್ಟವಾಗಿದೆ, ಆದರೆ ಕಾಂಡದಿಂದ ದೂರ ಹರಡಿದೆ. ಮೇಲೆ ಹೋದಂತೆ ಎಳೆ ಕಮ್ಮಿ, ಆದರೆ ತೊಗಟೆಗೇ ಅಂಟಿಕೊಂಡಿದೆ. ಕಿಡ್ನಿಯ ನರಗಳೂ ಹೀಗೇ. ಕಿಡ್ನಿ ಹತ್ತಿರ ಬಂದಂತೆ ಸಂಖ್ಯೆ ಕಮ್ಮಿ, ನಾಳಕ್ಕೆ ಹತ್ತಿರ. ಈ ಬಳ್ಳಿಯನ್ನು ಮರೆಯಬೇಡಿ, ಮತ್ತೆ ಬೇಕು.

ಹಂದಿಯೇ ಯಾಕೆ? ಅದರ ಕಿಡ್ನಿಯ ರಕ್ತನಾಳ ಹೆಚ್ಚುಕಡಿಮೆ ನಮ್ಮದೇ ಅಳತೆ. ನಮಗೆ ಮಾಡಿದ ಕ್ಯಾಥೆಟರ್ ಅದಕ್ಕೂ ಹಿಡಿಸುತ್ತದೆ. (ನಮ್ಮ ಕಡೆ ಹಂದಿ ಅಂದರೆ ಕಡುಬು ನೆನಪಾಗುತ್ತದೆ, ಇವತ್ತು ಬೇಡ.)

ತಮಾಷೆ ಅಂದರೆ, ಈ ಪರೀಕ್ಷೆಗಳಲ್ಲಿ ಬಹುಪಾಲು ಹಂದಿಗಳಿಗೆ ಬಿಪಿ ಕಾಯಿಲೆಯೇ ಇರುವುದಿಲ್ಲ! ಗಟ್ಟಿಮುಟ್ಟಾದ ಹಂದಿಗಳು. ಹಾಗಾದರೆ ಅಳೆಯುವುದು ಏನನ್ನು? ನಾರ್‌ಅಡ್ರಿನಲಿನ್. ನರದ ತುದಿಯಿಂದ ಹೊರಬರುವ ರಾಸಾಯನಿಕ ಅದು. ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡಿ, ಕೆಲವು ದಿನ ಬಿಟ್ಟು ಕಿಡ್ನಿಯ ಚೂರು ತೆಗೆದು ನೋಡುತ್ತಾರೆ. ಅದರಲ್ಲಿ ನಾರ್‌ಅಡ್ರಿನಲಿನ್ ಕುಸಿದಿದ್ದರೆ ನರ ಸತ್ತಿದೆ ಅಂತ ಅರ್ಥ. ನಾಳದ ತೆಳು ಹೋಳುಗಳಿಗೆ ಬಣ್ಣ ಹಾಕಿ, ಗೋಡೆ ಸುಟ್ಟಿದೆಯಾ ಅಂತ ಮೈಕ್ರೋಸ್ಕೋಪಿನಲ್ಲೂ ನೋಡುತ್ತಾರೆ. ಅಂದರೆ ಹಂದಿಯನ್ನು ಕೇಳುವುದು "ಬಿಪಿ ಇಳಿಯಿತಾ" ಅಂತ ಅಲ್ಲ, "ನರ ಸತ್ತಿತಾ" ಅಂತ.

ಮನುಷ್ಯರಲ್ಲಿ ಇದನ್ನು ಕೇಳುವುದು ಕಷ್ಟ, ಕಿಡ್ನಿ ಚೂರು ಯಾರು ಕೊಡ್ತಾರೆ? 2014ರಲ್ಲಿ 535 ಜನರ ದೊಡ್ಡ ಪ್ರಯೋಗ ಮುಗ್ಗರಿಸಿತು. ಸುಳ್ಳು ಚಿಕಿತ್ಸೆ (ನರ ಸುಡದೆ, ಮಾಡಿದಂತೆ ತೋರಿಸುವುದು) ಪಡೆದವರ ಬಿಪಿಯೂ ಸುಮಾರು 12 ಅಂಕ ಇಳಿದಿತ್ತು, ನಿಜವಾದದ್ದು ಪಡೆದವರದು 14. ನರ ಸರಿಯಾಗಿ ಸಾಯುವುದು ಎಲ್ಲಿ ಸುಟ್ಟರೆ ಅಂತ ತಿಳಿಯಲು ಪುನಃ ಹಂದಿಯ ಕಾಲು ಹಿಡಿದರು. 2015ರ ಅಧ್ಯಯನದಲ್ಲಿ ಮುಖ್ಯ ನಾಳದ ಜೊತೆ ಕಿಡ್ನಿ ಹತ್ತಿರದ ಕವಲುಗಳ ಸುತ್ತಲಿನ ನರಗಳನ್ನೂ ಸುಟ್ಟಾಗ ನಾರ್‌ಅಡ್ರಿನಲಿನ್ ಜಾಸ್ತಿ ಇಳಿಯಿತು, ಹಂದಿಯಿಂದ ಹಂದಿಗೆ ವ್ಯತ್ಯಾಸವೂ ಕಮ್ಮಿಯಾಯಿತು. ಬಳ್ಳಿ ತೊಗಟೆಗೆ ಅಂಟಿದ ಜಾಗ, ನೆನಪಿದೆ ಅಲ್ವಾ?

ಟೈಮ್ ಆಯಿತು, ಉಳಿದದ್ದು ಒಂದೇ ಉಸಿರಿಗೆ. ನರ ಸಾಯಿಸಲು ರೇಡಿಯೋ ತರಂಗ ಅಥವಾ ಅಲ್ಟ್ರಾಸೌಂಡಿನ ಬಿಸಿ, ಇಲ್ಲವೇ ಸೂಜಿಯಲ್ಲಿ ಆಲ್ಕೋಹಾಲ್. ಕುರಿಗಳಲ್ಲಿ 11 ತಿಂಗಳಿಗೆ ನರ ವಾಪಸ್ ಬೆಳೆದಿತ್ತು, ಆದರೂ ಮನುಷ್ಯರಲ್ಲಿ 3 ವರ್ಷ ಬಿಪಿ ಇಳಿದೇ ಇದ್ದ ವರದಿಗಳಿವೆ. ಅಮೆರಿಕದಲ್ಲಿ 2023ರ ನವೆಂಬರ್‌ನಲ್ಲಿ ಎರಡು ಸಾಧನಗಳಿಗೆ ಒಪ್ಪಿಗೆ ಸಿಕ್ಕಿತು.

ಅಂದಹಾಗೆ, ಪಟ್ಟಿ ಕಟ್ಟುವುದೇ ಬೇಡ. ಹಂದಿಯ ಬಿಪಿ ನೋಡಬೇಕಾದರೆ ರಕ್ತನಾಳದೊಳಗೆ ಹೋದ ನಳಿಕೆಯಿಂದಲೇ ನೋಡಬಹುದು. ಸರಿ, ತೋಟದವರು ಕೂಗುತ್ತಿದ್ದಾರೆ, ಬಳ್ಳಿ ಎಳೀಬೇಡಿ ಅಂತ.