ತೆರೆದ ರಿಲೇಯೂ ಸೋರುತ್ತದೆ

ಕೇಳುಗರೆಲ್ಲರಿಗೂ ನಮಸ್ಕಾರ. ಪೀಣ್ಯದಂಥ ಕಡೆ ಟೆಸ್ಟಿಂಗ್ ವಿಭಾಗದಲ್ಲಿ ಕೂತು ಕೆಲಸ ಮಾಡುವವರು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿರುವವರು ಕೇಳುತ್ತಿದ್ದರೆ ಇವತ್ತಿನ ಮಾತು ನಿಮಗೇ. ಯಾವ ಉಪಕರಣವನ್ನು ಯಾವ ಭಾಗಕ್ಕೆ ಬೇಕಾದರೂ ಜೋಡಿಸಿಕೊಡುವ ಸ್ವಿಚಿಂಗ್ ಮ್ಯಾಟ್ರಿಕ್ಸ್‌ಗೆ ಹೊಸ ಕಾರ್ಡ್ ಸೇರಿಸುವುದು, ಅದಕ್ಕೆ ಕೇಬಲ್ ಕಟ್ಟುವುದು, ಇದು ವಿಷಯ. ರಿಲೇ ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್; ಮುಚ್ಚಿದರೆ ಸಂಪರ್ಕ, ತೆರೆದರೆ ಸಂಪರ್ಕ ಇಲ್ಲ. ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ: ತೆರೆದ ರಿಲೇಯೂ ಸಾಲಿಗೆ ಅಂಟಿಕೊಂಡೇ ಇರುತ್ತದೆ.

ಮ್ಯಾಟ್ರಿಕ್ಸ್ ಅಂದರೆ ಶಾಲೆಯ ಗಣಿತದಲ್ಲಿ ನೋಡಿದ ಅದೇ ಅಡ್ಡಸಾಲು, ಕಂಬಸಾಲು. ಅಡ್ಡಸಾಲಿಗೆ ಮೀಟರು, ಪವರ್ ಸಪ್ಲೈ ಇತ್ಯಾದಿ ಉಪಕರಣ. ಕಂಬಸಾಲಿಗೆ ಪರೀಕ್ಷೆಗೆ ಬಂದ ಡಯೋಡೋ, ಬೋರ್ಡೋ. ಎರಡೂ ಕೂಡುವ ಒಂದೊಂದು ಜಾಗದಲ್ಲೂ ಒಂದು ರಿಲೇ. ಕೀತ್ಲಿ ಕಂಪನಿಯ 7012 ಕಾರ್ಡಿನಲ್ಲಿ 4 ಅಡ್ಡಸಾಲು, 10 ಕಂಬಸಾಲು, ಒಟ್ಟು 40 ಕ್ರಾಸ್‌ಪಾಯಿಂಟ್, ಅಂದರೆ ಕೂಡುವ ಜಾಗ. ಪ್ರತಿ ಸಾಲಿಗೂ ಹೈ, ಲೋ ಎಂದು ಎರಡು ತಂತಿ. ರಿಲೇ ಮುಚ್ಚಿದಾಗ ಹೈ ತಂತಿ ಹೈಗೆ, ಲೋ ತಂತಿ ಲೋಗೆ, ಎರಡೂ ಒಟ್ಟಿಗೇ ಕೂಡುತ್ತವೆ. 7001 ಪೆಟ್ಟಿಗೆಯಲ್ಲಿ ಇಂಥ 2 ಕಾರ್ಡ್ ಹಿಡಿಸುತ್ತವೆ, 7002ರಲ್ಲಿ 10.

ಈಗ ದೊಡ್ಡದು ಮಾಡಬೇಕು. ಎತ್ತ ಕಡೆಗೆ? ಪರೀಕ್ಷಿಸುವ ಭಾಗಗಳು ಹೆಚ್ಚಾಗಿದ್ದರೆ ಕಂಬಸಾಲು ಹೆಚ್ಚಬೇಕು. ಆಗ ಎರಡೂ ಕಾರ್ಡಿನ ಅಡ್ಡಸಾಲುಗಳನ್ನು ಒಂದಕ್ಕೆ ಒಂದು, ಎರಡಕ್ಕೆ ಎರಡು ಎಂದು ಕೂಡಿಸಿ, 4×20 ಸಿಗುತ್ತದೆ. ಈ ಪೆಟ್ಟಿಗೆಗಳಲ್ಲಿ ಹೊರಗಿಂದ ತಂತಿ ಬೇಕಿಲ್ಲ. ಕಾರ್ಡಿನ ಮೇಲಿನ ಜಂಪರ್, ಅಂದರೆ ಕಿತ್ತು ಹಾಕಬಹುದಾದ ಪುಟ್ಟ ಕೊಂಡಿ, ಹಾಕಿದರೆ ಕಾರ್ಡುಗಳನ್ನು ಬೆಸೆಯುವ ಹಿಂಬದಿಯ ಬೋರ್ಡು, ಬ್ಯಾಕ್‌ಪ್ಲೇನ್ ಮೂಲಕವೇ ಸಾಲುಗಳು ಕೂಡುತ್ತವೆ. ಉಪಕರಣಗಳು ಹೆಚ್ಚಾಗಿದ್ದರೆ ಅಡ್ಡಸಾಲು ಹೆಚ್ಚಬೇಕು. ಆಗ ಎರಡನೇ ಕಾರ್ಡಿನ ಜಂಪರ್ ಕಿತ್ತು, ಎರಡೂ ಕಾರ್ಡಿನ ಕಂಬಸಾಲುಗಳನ್ನು ಹೊರಗಿಂದ ತಂತಿಯಲ್ಲಿ ಕೂಡಿಸಿ, 8×10 ಆಗುತ್ತದೆ. ಜಂಪರ್ ಕೀಳಲು ಮರೆತರೆ ಐದನೇ ಸಾಲಿನ ಮೀಟರು ಒಂದನೇ ಸಾಲಿನ ಸಪ್ಲೈ ಮೇಲೆ ಕೂತಿರುತ್ತದೆ. ತಪ್ಪು ಪ್ರೋಗ್ರಾಮಿನದು ಅಂದುಕೊಂಡು ಹುಡುಕುತ್ತಾ ಕೂರುವವರೇ ಜಾಸ್ತಿ!

ಇಲ್ಲಿಯವರೆಗೆ ಸುಲಭ. ಇನ್ನು ನನಗೆ ಬಹಳ ಇಷ್ಟವಾದ ಉದಾಹರಣೆಗೆ ಬರುತ್ತೇನೆ. ಒಂದು ಕಾರ್ಖಾನೆಯಲ್ಲಿ 1ಎನ್4148 ಡಯೋಡ್‌ಗಳ ಹಿಮ್ಮುಖ ಸೋರಿಕೆ, ಅಂದರೆ ಉಲ್ಟಾ ವೋಲ್ಟೇಜ್ ಕೊಟ್ಟಾಗಲೂ ನುಸುಳುವ ಕರೆಂಟ್, ಅಳೆಯುತ್ತಿದ್ದಾರೆ ಅನ್ನಿ. 20 ವೋಲ್ಟ್ ಕೊಟ್ಟಾಗ 25 ನ್ಯಾನೋಆಂಪಿಯರ್ ದಾಟಬಾರದು, ಇದು ಆ ಡಯೋಡಿನ ಮಿತಿ. ನಮ್ಮ ಕೈಲಿರುವ ಡಯೋಡಿನ ನಿಜವಾದ ಸೋರಿಕೆ 18. ಒಳ್ಳೆಯ ಮಾಲು. ಒಂದೇ ಕಾರ್ಡ್ ಇದ್ದಾಗ ಮೀಟರು 20 ತೋರಿಸುತ್ತದೆ, ಡಯೋಡ್ ಪಾಸು. ಆರ್ಡರ್ ಹೆಚ್ಚಿತು, 7002 ಪೆಟ್ಟಿಗೆಗೆ ಇನ್ನೂ 4 ಕಾರ್ಡ್ ಬಂದವು. ಡಯೋಡ್ ಅದೇ, ಮೀಟರೂ ಅದೇ. ಈಗ ಓದಿಕೆ 28. ಡಯೋಡ್ ಕಸದ ಡಬ್ಬಿಗೆ.

ಯಾಕೆ ಹೀಗಾಯಿತು? ಒಂದು ಕಾರ್ಡಿನ ಹೈ ಮತ್ತು ಲೋ ನಡುವಿನ ಇನ್ಸುಲೇಷನ್ 10 ಗಿಗಾಓಮ್, ಅಂದರೆ 1000 ಕೋಟಿ ಓಮ್ ಇರಲಿ. 20 ವೋಲ್ಟಿಗೆ ಅದರಲ್ಲಿ 2 ನ್ಯಾನೋಆಂಪಿಯರ್ ಹರಿಯುತ್ತದೆ. ಐದು ಕಾರ್ಡುಗಳ ಸಾಲು ಕೂಡಿದಾಗ ಐದೂ ಪ್ಯಾರಲಲ್, 200 ಕೋಟಿ ಓಮ್‌ಗೆ ಇಳಿಯಿತು, ಸೋರಿಕೆ 10ಕ್ಕೆ ಏರಿತು. ಹದಿನೆಂಟಕ್ಕೆ ಹತ್ತು ಕೂಡಿಸಿ, 28. ಹೊಸ ನಾಲ್ಕು ಕಾರ್ಡುಗಳಲ್ಲಿ ಒಂದು ರಿಲೇಯನ್ನೂ ಯಾರೂ ಮುಚ್ಚಿಲ್ಲ, ಗಮನಿಸಿ. ಒಂದೇ ಪೈಪಿನಲ್ಲಿ ಐವತ್ತು ನಲ್ಲಿ ಇದ್ದರೆ ಎಲ್ಲವನ್ನೂ ಬಿಗಿಯಾಗಿ ತಿರುಗಿಸಿದರೂ ಒಂದೊಂದು ತೊಟ್ಟಿಕ್ಕುತ್ತಲೇ ಇರುತ್ತದಲ್ಲ, ಹಾಗೆ. ತೆರೆದ ರಿಲೇಯೂ ಸಾಲಿಗೆ ಅಂಟಿಕೊಂಡೇ ಇರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರಿನ ಕಡೆಯ ತೇವದಲ್ಲಿ, ಕೇಳುವುದೇ ಬೇಡ.

ಏನು ಮಾಡಬೇಕು? ಮೊದಲು ಡಯೋಡ್ ತೆಗೆದುಬಿಡಿ, ಅದೇ ರಿಲೇ ಮುಚ್ಚಿ, ಅದೇ 20 ವೋಲ್ಟ್ ಕೊಟ್ಟು ಓದಿ. ಬಂದ 10 ಅನ್ನು ಮುಂದಿನ ಎಲ್ಲ ಓದಿಕೆಯಿಂದ ಕಳೆಯಿರಿ. ಆಮೇಲೆ, ಸೂಕ್ಷ್ಮ ಅಳತೆಯ ಸಾಲು ಎಲ್ಲ ಕಾರ್ಡಿಗೂ ಹೋಗಲೇಬೇಕೇ ಎಂದು ಯೋಚಿಸಿ. ಬೇಡವಾದ ಕಡೆ ಆ ಸಾಲಿನ ಜಂಪರ್ ತೆಗೆಯಿರಿ. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ. ಬೆರಳಿನ ಜಿಡ್ಡೂ ಸೋರುತ್ತದೆ, ಮುಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಪಿಕೋಆಂಪಿಯರ್, ಅಂದರೆ ನ್ಯಾನೋದ ಸಾವಿರದಲ್ಲೊಂದು ಪಾಲು, ಅಳೆಯುವವರಾದರೆ ಈ ಕಾರ್ಡ್ ಸಾಲದು. ಗಾರ್ಡ್, ಅಂದರೆ ಸೋರಿಕೆ ತಡೆಯುವ ಸುತ್ತುಪದರ, ಇರುವ ಕಾರ್ಡೂ, ಅಂಥದ್ದೇ ಪದರವಿರುವ ಟ್ರಯಾಕ್ಸ್ ಕೇಬಲ್ಲೂ ಬೇಕು.

ಸಮಯ ಓಡುತ್ತಿದೆ, ಕೇಬಲ್ ವಿಷಯ ಬೇಗ ಹೇಳುತ್ತೇನೆ. ಪೆಟ್ಟಿಗೆ ಆಫ್ ಮಾಡಿದರೆ ಸಾಲದು, ಗೋಡೆಯ ಪ್ಲಗ್ಗನ್ನೇ ಕಿತ್ತಿಡಿ. ಸಾಲಿಗೆ ಕಟ್ಟಿದ ಸಪ್ಲೈಗಳನ್ನೂ ಆಫ್ ಮಾಡಿ. ಹೈ, ಲೋ ತಂತಿಗಳನ್ನು ಹೆಣೆದೇ ಎಳೆಯಿರಿ. ತುದಿಯ ತಾಮ್ರ ಕಪ್ಪಾಗಿದ್ದರೆ ಕತ್ತರಿಸಿ ಹೊಸದಾಗಿ ಸುಲಿಯಿರಿ. ಶುದ್ಧ ತಾಮ್ರಕ್ಕೆ ತಾಮ್ರ ಕೂಡಿದರೆ ಒಂದು ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೆ 0.2 ಮೈಕ್ರೋವೋಲ್ಟಿನಷ್ಟೇ ಹುಟ್ಟುತ್ತದೆ, ಆಕ್ಸೈಡ್ ಹಿಡಿದಿದ್ದರೆ ಸುಮಾರು 1000. ಕೇಬಲ್ಲನ್ನು ಕಟ್ಟಿ ನಿಲ್ಲಿಸಿ, ತೂಗಾಡುವ ಕೇಬಲ್ ತಾನೇ ಕರೆಂಟ್ ಹುಟ್ಟಿಸುತ್ತದೆ. ಎರಡೂ ತುದಿಗೆ ಚೀಟಿ ಅಂಟಿಸಿ. ಒಂದೇ ತುದಿಗೆ ಅಂಟಿಸಿ ಬಿಡುವ ಅಭ್ಯಾಸ ಯಾರು ಕಲಿಸಿದರೋ!

ಪ್ರೋಗ್ರಾಮ್ ಬರೆಯುವವರಿಗೆ: ಹಳೆಯ ರಿಲೇ ತೆರೆದ ಮೇಲೆಯೇ ಹೊಸದನ್ನು ಮುಚ್ಚಿಸಿ. ಎರಡು ಸಾಲು ಒಂದೇ ಕಂಬಕ್ಕೆ ಬಿದ್ದರೆ ಎರಡು ಸಪ್ಲೈ ಒಂದಕ್ಕೊಂದು ಶಾರ್ಟ್. ವೋಲ್ಟೇಜ್ ಇಳಿಸಿ ರಿಲೇ ತೆರೆದು ಮುಚ್ಚಿದರೆ ಅದು ಎಷ್ಟೋ ಪಟ್ಟು ಹೆಚ್ಚು ಬಾಳುತ್ತದೆ. ಕಾರ್ಡ್ ಹೆಚ್ಚಾದಂತೆ ಸಾಲಿನ ಕೆಪಾಸಿಟನ್ಸೂ, ಅಂದರೆ ಚಾರ್ಜ್ ತುಂಬಿಕೊಳ್ಳುವ ಗುಣವೂ, ಹೆಚ್ಚುತ್ತದೆ, ಏಕೆಂದರೆ ತೆರೆದ ರಿಲೇಯೂ ಸಾಲಿಗೆ ಅಂಟಿಕೊಂಡೇ ಇರುತ್ತದೆ. ಅದು ತುಂಬಲು ಹೊತ್ತು ಬೇಕು, ಹಾಗಾಗಿ ರಿಲೇ ಮುಚ್ಚಿದ ಕೂಡಲೇ ಓದಬೇಡಿ, ಅಂಕಿ ನಿಲ್ಲುವ ತನಕ ಕಾಯಿರಿ.

ಕೊನೆಯದಾಗಿ, ಉಪಕರಣ ಕಟ್ಟುವ ಮುಂಚೆ ಸಾಲಿಗೆ ಓಮ್ ಮೀಟರ್ ಹಾಕಿ, ಕಂಬದ ತುದಿಯಲ್ಲಿ ಹೈ, ಲೋ ಶಾರ್ಟ್ ಮಾಡಿ, ಒಂದೊಂದೇ ಕ್ರಾಸ್‌ಪಾಯಿಂಟ್ ಮುಚ್ಚಿ ನೋಡಿ. ಮುಚ್ಚಿದಾಗ ಕೆಲವೇ ಓಮ್, ತೆರೆದಾಗ ಮೀಟರಿನ ಮಿತಿಗೂ ಮೀರಿ. 4×20ಕ್ಕೆ 80 ಓದಿಕೆ, ಬೇಸರವೇ ಸರಿ. ಆದರೂ ಎಂಬತ್ತನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ಕಾರ್ಡ್ ಹಾಕಿದ ದಿನ ಅದೇ ಹಾಳೆ ಬೇಕಾಗುತ್ತದೆ. ನಮಸ್ಕಾರ.