ಹೆಸರು ಪ್ರೋಟಾನಿನದು, ವ್ಯವಹಾರ ಎಲೆಕ್ಟ್ರಾನಿನದು

ಕೇಳುಗರಿಗೆ ನಮಸ್ಕಾರ.

ಸೋಡಿಯಂ ಒಂದು ಲೋಹ. ಅದರ ಚೂರನ್ನು ನೀರಿಗೆ ಹಾಕಿದರೆ ಸಿಡಿಯುತ್ತದೆ. ಅದಕ್ಕೇ ಲ್ಯಾಬಿನಲ್ಲಿ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಕ್ಲೋರಿನ್ ವಿಷದ ಅನಿಲ. 1915ರಲ್ಲಿ ಯುದ್ಧಭೂಮಿಯಲ್ಲಿ ಅದನ್ನು ಅಸ್ತ್ರವಾಗಿ ಬಿಟ್ಟಿದ್ದರು. ಇವೆರಡೂ ಸೇರಿದರೆ ಅಡುಗೆ ಉಪ್ಪು! ದಿನಾ ಸಾರಿಗೆ ಹಾಕಿಕೊಂಡು ಉಣ್ಣುತ್ತೇವೆ, ಅಲ್ವಾ?

ಇಷ್ಟಕ್ಕೂ ನಡೆದದ್ದೇನು? ಸೋಡಿಯಂನ ಪ್ರತಿ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕ್ಲೋರಿನ್ ಪರಮಾಣುವಿಗೆ ಹೋಯಿತು, ಅಷ್ಟೇ.

ಸೋಡಿಯಂ ಪರಮಾಣುವಿನ ನಡುವೆ 11 ಪ್ರೋಟಾನ್‌ಗಳಿವೆ. ಸುತ್ತ 11 ಎಲೆಕ್ಟ್ರಾನ್‌ಗಳು. ಪ್ರೋಟಾನಿನದು ಧನ ವಿದ್ಯುತ್, ಎಲೆಕ್ಟ್ರಾನಿನದು ಋಣ. ಒಂದಕ್ಕೊಂದು ಸರಿಹೋಗಿ ಲೆಕ್ಕ ಸೊನ್ನೆಯಾಗುತ್ತದೆ. ನನಗೆ ಸೋಜಿಗ ಎನಿಸುವುದು ಇಲ್ಲೇ. ಪ್ರೋಟಾನ್ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ. ಆದರೂ ಎರಡರ ವಿದ್ಯುತ್ತಿನ ಪ್ರಮಾಣ ಮಾತ್ರ ಒಂದೇ. ಎಷ್ಟು ಸೂಕ್ಷ್ಮವಾಗಿ ಅಳೆದರೂ ವ್ಯತ್ಯಾಸ ಸಿಕ್ಕಿಲ್ಲ. ಯಾಕೆ ಹೀಗೆ ಎನ್ನುವುದಕ್ಕೆ ಎಲ್ಲರೂ ಒಪ್ಪುವ ಉತ್ತರ ವಿಜ್ಞಾನಿಗಳ ಬಳಿಯೂ ಇನ್ನೂ ಇಲ್ಲ.

ಆ 11 ಎಲೆಕ್ಟ್ರಾನ್‌ಗಳಲ್ಲಿ 10 ಒಳಗಿನ ಎರಡು ಪದರಗಳಲ್ಲಿವೆ. ಒಂದು ಮಾತ್ರ ಹೊರಗೆ ಒಂಟಿ. ಪ್ರೋಟಾನ್‌ಗಳ ಸೆಳೆತಕ್ಕೆ ಒಳಗಿನ ಹತ್ತು ಅಡ್ಡ ನಿಂತಿವೆ. ಹಾಗಾಗಿ ಹೊರಗಿನದರ ಮೇಲೆ ಹಿಡಿತ ಕಡಿಮೆ. ಕ್ಲೋರಿನ್‌ನಲ್ಲಿ 17 ಪ್ರೋಟಾನ್. ಅದರ ಹೊರಪದರದಲ್ಲಿ ಸರಿಯಾಗಿ ಒಂದು ಜಾಗ ಖಾಲಿ.

ಎಲೆಕ್ಟ್ರಾನ್ ಹೋದ ಮೇಲೆ ಸೋಡಿಯಂನಲ್ಲಿ ಉಳಿದದ್ದು 11 ಪ್ರೋಟಾನ್, 10 ಎಲೆಕ್ಟ್ರಾನ್. ನಿಯಾನ್ ಎಂಬ ಅನಿಲದಲ್ಲೂ ಎಲೆಕ್ಟ್ರಾನ್ 10 ತಾನೇ? ಹಾಗಂತ ಇದು ನಿಯಾನ್ ಆಗಲಿಲ್ಲ. ಸ್ವಭಾವ ಬದಲಾಯಿತು, ಹೆಸರು ಬದಲಾಗಲಿಲ್ಲ. ಪ್ರೋಟಾನ್ ಎಣಿಕೆ ಹಾಗೇ ಇದೆಯಲ್ಲ! ಪ್ರೋಟಾನ್, ಎಲೆಕ್ಟ್ರಾನ್ ಎರಡರ ಸಂಖ್ಯೆ ಯಾವಾಗಲೂ ಒಂದೇ ಎಂದು ಮಕ್ಕಳು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಎಲೆಕ್ಟ್ರಾನನ್ನು ಕೊಡದೆ, ತೆಗೆದುಕೊಳ್ಳದೆ ಇರುವ ಪರಮಾಣುವಿಗೆ ಮಾತ್ರ ಆ ಮಾತು ನಿಜ.

ಹೆಸರನ್ನು ತೀರ್ಮಾನಿಸುವುದು ಪ್ರೋಟಾನ್ ಎಣಿಕೆ ಎಂದು ಗೊತ್ತಾಗಿದ್ದು ಹೇಗೆ? ಮೊದಲು ಧಾತುಗಳನ್ನು ಹೆಚ್ಚಾಗಿ ತೂಕದ ಪ್ರಕಾರ ಸಾಲಾಗಿ ಇಡುತ್ತಿದ್ದರು. ಕೋಬಾಲ್ಟ್ ಮತ್ತು ನಿಕಲ್ ಬಂದಾಗ ಗೊಂದಲ. ತೂಕ ನೋಡಿದರೆ ನಿಕಲ್ ಮೊದಲು ಬರಬೇಕು, ಗುಣ ನೋಡಿದರೆ ಕೋಬಾಲ್ಟ್. 1913ರಲ್ಲಿ ಹೆನ್ರಿ ಮೋಸ್ಲಿ ಎಂಬ ಇಂಗ್ಲೆಂಡಿನ ತರುಣ ಒಂದೊಂದೇ ಧಾತು ಸೂಸುವ ಎಕ್ಸ್‌ರೇಯ ಕಂಪನಾಂಕ ಅಳೆದ. ಧಾತುವಿನಿಂದ ಧಾತುವಿಗೆ ಅದು ಒಂದೇ ಕ್ರಮದಲ್ಲಿ ಮೆಟ್ಟಿಲು ಹತ್ತಿದಂತೆ ಏರುತ್ತಿತ್ತು. ಒಂದೊಂದು ಮೆಟ್ಟಿಲಿಗೂ ಪರಮಾಣುವಿನ ನಡುವಿನ ಧನ ವಿದ್ಯುತ್ ಒಂದೊಂದು ಹೆಚ್ಚು, ಅಂದರೆ ಒಂದು ಪ್ರೋಟಾನ್ ಹೆಚ್ಚು. ಹಾಗೆ ಕೋಬಾಲ್ಟ್ 27, ನಿಕಲ್ 28 ಎಂದು ತೀರ್ಮಾನವಾಯಿತು. 1915ರಲ್ಲಿ ತುರ್ಕಿಯ ಗಲಿಪೊಲಿ ಯುದ್ಧದಲ್ಲಿ ಅವನು ಗುಂಡೇಟಿಗೆ ಸತ್ತ. ವಯಸ್ಸು 27.

ಅವನ ಪಟ್ಟಿಯಲ್ಲಿ 43, 61, 75ನೇ ಜಾಗಗಳು ಖಾಲಿ ಇದ್ದವು. ಇಲ್ಲಿ ಧಾತುಗಳು ಇರಲೇಬೇಕು ಎಂದು ಅವನು ಹೇಳಿದ್ದ. 75, ಅಂದರೆ ರೀನಿಯಂ, 1925ರಲ್ಲಿ ಸಿಕ್ಕಿತು. 1937ರಲ್ಲಿ 43, ಟೆಕ್ನೀಷಿಯಂ. 61ನೇ ಪ್ರೊಮೀಥಿಯಂ ಸಿಗಲು 1945 ಆಗಬೇಕಾಯಿತು.

ನಮಸ್ಕಾರ.